ಜೊತೆ ಕೆಲಸದವರ ಮೇಲಿನ ಸಿಟ್ಟು: ತಾಯಿಯ ಸನ್ನಿಧಿಯಲ್ಲಿ ಏನೆಂದು ಬೇಡಬೇಕು?

ಚಾಮುಂಡಿ ಬೆಟ್ಟಕ್ಕೆ ಬರುವ ಭಕ್ತಾದಿಗಳು ತಾಯಿಯ ಮುಂದೆ ಬೇಡಿಕೊಳ್ಳುವ ವಿಷಯಗಳು ಹೆಚ್ಚುಕಮ್ಮಿ ಎಲ್ಲರಿಗೂ ಗೊತ್ತಿರುವಂಥವೇ. ಮಗಳ ಮದುವೆ, ಮಗನ ಕೆಲಸ, ಮಂಡಿ ನೋವು, ಕೋರ್ಟಿನಲ್ಲಿ ಕೂತಿರುವ ಜಮೀನಿನ ವ್ಯಾಜ್ಯ, ಬಾರದ ಮಳೆ. ಇವನ್ನೆಲ್ಲ ಜನ ಬಾಯಿಬಿಟ್ಟು ಹೇಳುತ್ತಾರೆ. ಹೆಸರು, ನಕ್ಷತ್ರ, ಗೋತ್ರ ಹೇಳಿ ಅರ್ಚನೆ ಮಾಡಿಸುತ್ತಾರೆ. ಆದರೆ ಇನ್ನೊಂದು ಬೇಡಿಕೆ ಇದೆ, ಅದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಸಾಲು ಸರಿದು ಗರ್ಭಗುಡಿಯ ಮುಂದೆ ಬಂದಾಗ, "ನಡೀರಿ, ಮುಂದೆ ನಡೀರಿ" ಅನ್ನುವ ಕೂಗಿನ ನಡುವೆ ಸಿಗುವ ನಾಲ್ಕಾರು ಕ್ಷಣದಲ್ಲಿ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹೇಳಿಬಿಡುತ್ತಾರೆ: "ತಾಯೀ, ಅವನನ್ನ ನೀನೇ ನೋಡ್ಕೋ."

ಆ 'ಅವನು' ಅಥವಾ 'ಅವಳು' ಬಹಳ ಸಲ ಪಕ್ಕದ ಮೇಜಿನವರು, ಪಕ್ಕದ ಮೆಷಿನ್ನಿನವರು, ಒಂದೇ ಬಸ್ಸಿನ ಡ್ರೈವರ್ ಮತ್ತು ಕಂಡಕ್ಟರ್, ಒಂದೇ ಸ್ಟಾಫ್ ರೂಮಿನ ಇಬ್ಬರು ಮೇಷ್ಟ್ರು. ಹೆಂಡತಿ ಮಕ್ಕಳಿಗಿಂತ ಹೆಚ್ಚು ಹೊತ್ತು ದಿನಾ ಜೊತೆಗಿರುವವರು. ನೆಂಟರ ಮೇಲೆ ಸಿಟ್ಟು ಬಂದರೆ ಅವರ ಮನೆಯ ಮದುವೆಗೆ ಹೋಗದೆ ಇರಬಹುದು. ನೆರೆಯವರ ಮೇಲೆ ಬಂದರೆ ಬಾಗಿಲು ಹಾಕಿಕೊಳ್ಳಬಹುದು. ಜೊತೆಯಲ್ಲಿ ದುಡಿಯುವವರ ಮೇಲೆ ಬಂದ ಸಿಟ್ಟಿಗೆ ಹಾಕಿಕೊಳ್ಳಲು ಬಾಗಿಲೇ ಇಲ್ಲ. ನಾಳೆ ಬೆಳಿಗ್ಗೆ ಮತ್ತೆ ಅದೇ ಮುಖ, ಅದೇ ಜಾಗ. ಹೊಟ್ಟೆಪಾಡು, ಬಿಟ್ಟು ಬರೋಕೂ ಆಗೋದಿಲ್ಲ.

ಇಂಥ ಸಿಟ್ಟನ್ನು ಹೊತ್ತು ಬೆಟ್ಟ ಹತ್ತುವವರಿಗೆ ಪ್ರಾರ್ಥನೆಯಿಂದ ಏನಾದರೂ ಆಗುತ್ತದೆಯೇ? ಆಗುವುದಾದರೆ ಹೇಗೆ?

ಮೆಟ್ಟಿಲ ಮೇಲಿನ ಕುಂಕುಮ

ಮಂಡ್ಯ ಕಡೆಯ ಹಳ್ಳಿಯಿಂದ ದಿನಾ ಕಂಪನಿ ಬಸ್ಸಿನಲ್ಲಿ ಗಾರ್ಮೆಂಟ್ಸಿಗೆ ಹೋಗಿಬರುವ ಒಬ್ಬ ಹೆಣ್ಣುಮಗಳನ್ನು ಕಣ್ಣ ಮುಂದೆ ತಂದುಕೊಂಡು ನೋಡಿ. ಶರ್ಟಿನ ಲೈನಿನಲ್ಲಿ ಅವಳದು ತೋಳು ಜೋಡಿಸುವ ಕೆಲಸ. ಅವಳಿಗಿಂತ ಮುಂದಿನ ಮೆಷಿನ್ನಿನಲ್ಲಿ ಕೂರುವ, ವಯಸ್ಸಿನಲ್ಲಿ ಹಿರಿಯಳಾದ ಇನ್ನೊಬ್ಬಳದು ಭುಜದ ಹೊಲಿಗೆ. ಭುಜದ ಹೊಲಿಗೆ ಒಂದು ನೂಲು ಆಚೀಚೆ ಆದರೂ ತೋಳು ಸರಿಯಾಗಿ ಕೂರುವುದಿಲ್ಲ, ಸುಕ್ಕು ಬೀಳುತ್ತದೆ. ಚೆಕಿಂಗ್ ಟೇಬಲ್ಲಿನಿಂದ ಆ ಪೀಸು ವಾಪಸ್ಸು ಬರುತ್ತದೆ. ಬರುವುದು ಯಾರ ಹತ್ತಿರ? ತೋಳು ಜೋಡಿಸಿದವಳ ಹತ್ತಿರ. ಗಂಟೆಗೆ ಇಷ್ಟು ಪೀಸು ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ. ಬಂಡಲ್ಲುಗಳು ಅವಳ ಮುಂದೆ ಗುಡ್ಡೆ ಬೀಳುತ್ತವೆ. ಸೂಪರ್‌ವೈಸರ್‌ಗೆ ಕಾಣೋದು ಗುಡ್ಡೆ ಮಾತ್ರ. ಇಡೀ ಲೈನಿಗೆ ಕೇಳುವ ಹಾಗೆ ಬೈಯುತ್ತಾನೆ. ಮುಂದಿನ ಮೆಷಿನ್ನಿನವಳು ತಲೆ ಬಗ್ಗಿಸಿಕೊಂಡು ಹೊಲಿಯುತ್ತಿರುತ್ತಾಳೆ. ತನ್ನದು ತಪ್ಪು ಅಂತ ಒಂದು ದಿನ, ಒಂದೇ ಒಂದು ದಿನ ಬಾಯಿಬಿಡುವುದಿಲ್ಲ. ಸಾಲದ್ದಕ್ಕೆ ಊಟದ ಹೊತ್ತಿನಲ್ಲಿ, "ಈಗಿನ ಹುಡುಗೀರಿಗೆ ಕೈಯೇ ಓಡಲ್ಲ" ಅಂತ ಬೇರೆಯವರ ಹತ್ತಿರ ಹೇಳಿ ನಗುತ್ತಾಳೆ.

ನೋಡಿದವರಿಗೆ ಇದು ಸಣ್ಣ ವಿಷಯ. ಅನುಭವಿಸಿದವರಿಗೆ ಗೊತ್ತು, ಇದರಷ್ಟು ಒಳಗೊಳಗೇ ತಿನ್ನುವುದು ಬೇರೆ ಇಲ್ಲ. ರಾತ್ರಿ ಅನ್ನಕ್ಕೆ ಕೈ ಹಾಕಿದಾಗಲೂ ಆ ನಗು ಕಿವಿಯಲ್ಲಿ. ಮಗು ಏನೋ ಕೇಳಿದರೆ ಅದರ ಮೇಲೆ ರೇಗಾಟ. ಮಗು ಮಾಡಿದ ತಪ್ಪೇನು?

ಆಷಾಢದ ಒಂದು ಭಾನುವಾರ (ಶುಕ್ರವಾರ ರಜೆ ಸಿಗೋದಿಲ್ಲವಲ್ಲ) ಅವಳು ಸೋದರತ್ತೆಯ ಜೊತೆ ಪಾದದಿಂದ ಬೆಟ್ಟ ಹತ್ತುತ್ತಾಳೆ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹರಕೆ. ಈ ಮೆಟ್ಟಿಲುಗಳು 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಆದವು. ಸಾವಿರ ಅನ್ನುವುದು ವಾಡಿಕೆಯ ಮಾತು, ಎಣಿಸಿದವರು ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಬಗ್ಗಿ ಎದ್ದು, ಬಗ್ಗಿ ಎದ್ದು ಮುನ್ನೂರು ಮೆಟ್ಟಿಲಾಗುವ ಹೊತ್ತಿಗೆ ಸೊಂಟ ಹಿಡಿಯುತ್ತದೆ. ಕೈ ಕುಂಕುಮ ಹಚ್ಚುತ್ತಿದೆ, ಮನಸ್ಸು ಮಾತ್ರ ಗಾರ್ಮೆಂಟ್ಸಿನಲ್ಲಿದೆ. ಹಿಂದೆ ಬರುತ್ತಿದ್ದ ಅತ್ತೆ ನೋಡಿ ನೋಡಿ ಕೇಳುತ್ತಾಳೆ: "ಏನವ್ವ, ಮೆಟ್ಲಿಗೆ ಕುಂಕ್ಮ ಇಕ್ತಿದ್ದೀಯೋ, ಮೆಟ್ಲ ತಲೆಗೆ ಕುಟ್ತಿದ್ದೀಯೋ?"

ಅತ್ತೆಯ ಈ ಮಾತು ತಮಾಷೆಯದಾದರೂ ವಿಷಯ ದೊಡ್ಡದು. ಸಿಟ್ಟನ್ನು ಎಲ್ಲಾದರೂ ಕುಟ್ಟಿ ಹೊರಗೆ ಹಾಕಿಬಿಟ್ಟರೆ ಹಗುರಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಶ್‌ಮನ್ ಇದನ್ನು ಪರೀಕ್ಷೆ ಮಾಡಿಯೇ ನೋಡಿ 2002ರಲ್ಲಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಬೇಕೆಂದೇ ಸಿಟ್ಟು ಬರಿಸಿ, ಕೆಲವರಿಗೆ ತಮ್ಮನ್ನು ಹೀಯಾಳಿಸಿದವನನ್ನೇ ನೆನೆಯುತ್ತ ಮರಳುಮೂಟೆಯಂಥ ಚೀಲಕ್ಕೆ ಗುದ್ದಲು ಹೇಳಿದರು. ಇನ್ನು ಕೆಲವರನ್ನು ಸುಮ್ಮನೆ ಎರಡು ನಿಮಿಷ ಕೂರಿಸಿದರು. ಕೊನೆಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಉಳಿದದ್ದು, ಆ ಮನುಷ್ಯನನ್ನು ನೆನೆದು ನೆನೆದು ಗುದ್ದಿದವರಲ್ಲಿ. ಅಂದರೆ ಕುಟ್ಟಿದಷ್ಟೂ ಸಿಟ್ಟು ಇಳಿಯುವುದಿಲ್ಲ, ಇನ್ನೂ ಒಳಕ್ಕೆ ಇಳಿಯುತ್ತದೆ. ಮುನ್ನೂರು ಮೆಟ್ಟಿಲು ಶತ್ರುವನ್ನು ನೆನೆಯುತ್ತ ಹತ್ತಿದವರಿಗೆ ಮೇಲೆ ಹೋದಾಗ ಶತ್ರು ಇನ್ನೂ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ.

ಕಾಡಿಗೆ ಹೋದರೂ ಬಿಡದ ಕಚೇರಿ

ಈ ಸಂಕಟ ಇಂದು ನಿನ್ನೆಯದಲ್ಲ. ತಾಯಿಯ ಕಥೆಯೇ ಇಂಥ ಸಂಕಟದಿಂದ ಶುರುವಾಗುತ್ತದೆ ಎಂಬುದನ್ನು ಎಷ್ಟೋ ಭಕ್ತರು ಗಮನಿಸಿರುವುದಿಲ್ಲ. ಬೆಟ್ಟದ ಮೇಲಿನ ಮೂರ್ತಿಯನ್ನು ಮಾರ್ಕಂಡೇಯ ಋಷಿಗಳು ಪ್ರತಿಷ್ಠೆ ಮಾಡಿದರೆಂದು ಪ್ರತೀತಿ. ಮಹಿಷಾಸುರನ ವಧೆಯನ್ನು ಹೇಳುವ ದೇವೀ ಮಾಹಾತ್ಮ್ಯವಿರುವುದೂ ಮಾರ್ಕಂಡೇಯ ಪುರಾಣದಲ್ಲೇ. ಹದಿಮೂರು ಅಧ್ಯಾಯ, ಏಳು ನೂರು ಮಂತ್ರ. ಅದಕ್ಕೇ ಸಪ್ತಶತಿ ಎಂಬ ಹೆಸರು. ಕನ್ನಡದ ಮನೆಗಳಲ್ಲಿ ನವರಾತ್ರಿಯಲ್ಲಿ ಚಿದಾನಂದಾವಧೂತರ ದೇವೀ ಮಹಾತ್ಮೆ ಓದುವ ರೂಢಿಯೂ ಇದೆ. ಓದುವವರು ಮಹಿಷಾಸುರ ಯಾವಾಗ ಬರುತ್ತಾನೆ ಅಂತ ಕಾಯುತ್ತ ಮೊದಲ ಅಧ್ಯಾಯವನ್ನು ಬೇಗ ಬೇಗ ದಾಟಿಬಿಡುತ್ತಾರೆ.

ಆ ಅಧ್ಯಾಯದಲ್ಲಿ ಸುರಥ ಎಂಬ ರಾಜ ಬರುತ್ತಾನೆ. ಹೊರಗಿನ ವೈರಿಗಳ ಕೈಯಲ್ಲಿ ಸೋತು ತನ್ನ ಪಟ್ಟಣಕ್ಕೆ ಮರಳುತ್ತಾನೆ. ಅಲ್ಲಿ ನೋಡಿದರೆ ಅವನ ಜೊತೆಯಲ್ಲೇ ಇದ್ದ ಮಂತ್ರಿಗಳು ಬೊಕ್ಕಸವನ್ನೂ ಸೈನ್ಯವನ್ನೂ ತಮ್ಮ ವಶ ಮಾಡಿಕೊಳ್ಳುತ್ತಾರೆ. ಬೇಟೆಯ ನೆಪ ಹೇಳಿ ಅವನು ಒಬ್ಬನೇ ಕುದುರೆ ಹತ್ತಿ ಕಾಡಿಗೆ ಹೋಗುತ್ತಾನೆ. ಅಲ್ಲಿ ಮೇಧಸ್ಸೆಂಬ ಋಷಿಗಳ ಆಶ್ರಮ. ಹುಲಿ ಸಿಂಹಗಳೂ ಶಾಂತವಾಗಿರುವ ಜಾಗ. ಆಶ್ರಮದವರು ಆದರಿಸುತ್ತಾರೆ. ಹೀಗಿದ್ದೂ ಅವನಿಗೆ ನೆಮ್ಮದಿ ಇಲ್ಲ. ಅಡ್ಡಾಡುತ್ತ ಅವನು ಯೋಚಿಸುವುದು ಏನನ್ನು? ನನ್ನ ಹಿರಿಯರು ಕಾಪಾಡಿದ ಪಟ್ಟಣ ಏನಾಯಿತೋ, ನನ್ನ ಪಟ್ಟದಾನೆಗೆ ಸರಿಯಾಗಿ ಮೇವು ಹಾಕುತ್ತಿದ್ದಾರೋ ಇಲ್ಲವೋ, ನನ್ನ ಕೈಯಲ್ಲಿ ಉಂಡವರು ಈಗ ಯಾರಿಗೆ ಸಲಾಮು ಹೊಡೆಯುತ್ತಿದ್ದಾರೋ, ಕಷ್ಟಪಟ್ಟು ಕೂಡಿಸಿದ ಬೊಕ್ಕಸವನ್ನು ಎಷ್ಟು ಬೇಗ ಖಾಲಿ ಮಾಡುತ್ತಾರೋ. ದೇಹ ಆಶ್ರಮದಲ್ಲಿದೆ, ಮನಸ್ಸು ಆ ಮಂತ್ರಿಗಳ ಹತ್ತಿರ. ಭಾನುವಾರ ರಜೆಯ ದಿನ ಮನೆಯ ಜಗುಲಿಯಲ್ಲಿ ಕೂತು ಕಚೇರಿಯವನನ್ನೇ ಬೈದುಕೊಳ್ಳುವವರಿಗೂ ಸುರಥನಿಗೂ ಏನು ವ್ಯತ್ಯಾಸ?

ಅಲ್ಲಿಗೆ ಸಮಾಧಿ ಎಂಬ ಒಬ್ಬ ವೈಶ್ಯನೂ ಬರುತ್ತಾನೆ. ಹಣದ ಆಸೆಗೆ ಹೆಂಡತಿ ಮಕ್ಕಳೇ ಅವನನ್ನು ಮನೆಯಿಂದ ಹೊರಗೆ ಹಾಕಿದ್ದಾರೆ. ಇಬ್ಬರೂ ಸೇರಿ ಋಷಿಗಳ ಹತ್ತಿರ ಹೋಗಿ ಕೇಳುತ್ತಾರೆ. ನಮಗೆ ಎಲ್ಲ ತಿಳಿಯುತ್ತದೆ, ತಿಳಿದೂ ಮನಸ್ಸು ಮಾತು ಕೇಳುವುದಿಲ್ಲ, ಯಾಕೆ? ಇದಕ್ಕೆ ಉತ್ತರವಾಗಿಯೇ ಋಷಿಗಳು ದೇವಿಯ ಮಹಿಮೆಯನ್ನು ಹೇಳಲು ತೊಡಗುತ್ತಾರೆ. ಮಧು ಕೈಟಭರು, ಮಹಿಷ, ಶುಂಭ ನಿಶುಂಭರು ಬರುವುದೆಲ್ಲ ಆಮೇಲೆ. ಜೊತೆಯವರಿಂದಲೇ ನೊಂದು, ಅವರನ್ನು ಮನಸ್ಸಿನಿಂದ ಇಳಿಸಲಾಗದೆ ಒದ್ದಾಡುವ ಇಬ್ಬರು ಸಾಮಾನ್ಯ ಮನುಷ್ಯರ ಮುಂದೆ ಹೇಳಿದ ಕಥೆ ಅದು.

ಎರಡನೇ ಅಧ್ಯಾಯದಲ್ಲಿ ಇನ್ನೊಂದು ಸೊಗಸಿದೆ. ಮಹಿಷಾಸುರನಿಂದ ಸೋತ ದೇವತೆಗಳು ಹರಿಹರರ ಹತ್ತಿರ ಹೋಗಿ ದೂರು ಹೇಳುತ್ತಾರೆ. ಏನೆಂದು? ಇಂದ್ರ, ಅಗ್ನಿ, ವಾಯು, ಸೂರ್ಯ, ಚಂದ್ರ, ಯಮ, ವರುಣ ಇವರೆಲ್ಲರ ಅಧಿಕಾರವನ್ನೂ ಅವನೊಬ್ಬನೇ ನಡೆಸುತ್ತಿದ್ದಾನೆ ಎಂದು. ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಾರೆ. ತಮ್ಮ ತಮ್ಮ ಕೆಲಸ ಕಿತ್ತುಕೊಂಡ ಅಂತ ದೇವತೆಗಳೇ ದೂರು ಕೊಟ್ಟ ಮೇಲೆ, ಗಾರ್ಮೆಂಟ್ಸಿನ ಹೆಣ್ಣುಮಗಳು ತನ್ನ ದೂರನ್ನು ತಾಯಿಗೆ ಹೇಳಲು ನಾಚಬೇಕಾದ್ದಿಲ್ಲ. "ದೇವರ ಮುಂದೆ ಇಂಥ ಕ್ಷುಲ್ಲಕ ವಿಷಯ ತರಬಾರದು" ಅನ್ನುವ ಮಾತನ್ನು ದೊಡ್ಡವರು ಆಗಾಗ ಹೇಳುತ್ತಾರೆ, ಅದು ಸರಿಯಲ್ಲ.

ಮೇಲೆ ಹೊತ್ತು ಸಿಗುವುದಿಲ್ಲ

ಮತ್ತೆ ಮೆಟ್ಟಿಲಿಗೆ ಬರುವುದಾದರೆ, ಏಳುನೂರನೇ ಮೆಟ್ಟಿಲ ಆಸುಪಾಸಿನಲ್ಲಿ ದೊಡ್ಡ ಬಸವಣ್ಣ. ಸುಮಾರು 16 ಅಡಿ ಎತ್ತರ, 25 ಅಡಿ ಉದ್ದ, ಕೊರಳಿಗೆ ಗಂಟೆಸರ. ಹತ್ತಿ ಬಂದವರೆಲ್ಲ ಅಲ್ಲಿ ಒಂದಷ್ಟು ಹೊತ್ತು ಕೂತೇ ಮುಂದೆ ಹೋಗುವುದು. ಅತ್ತೆ ಬಾಟಲಿಯ ನೀರು ಕುಡಿದು, ಸೊಸೆಯ ಮುಖ ನೋಡಿ ಹೇಳುತ್ತಾಳೆ: "ಎಲ್ಲಾನೂ ಇಲ್ಲೇ ಹೇಳ್ಬುಡು ಕಣವ್ವ. ಬೈಯೋದಿದ್ರೆ ಬಯ್ದೂಬುಡು. ಮ್ಯಾಲಕ್ಕೆ ಹೋದ್ಮೇಲೆ ಅಲ್ಲಿ ಹೊತ್ತು ಸಿಕ್ಕಾಕಿಲ್ಲ."

ಇದಕ್ಕಿಂತ ಒಳ್ಳೆಯ ಉಪದೇಶ ಸಿಗುವುದು ಕಷ್ಟ. ದರ್ಶನಕ್ಕೆ ಸಿಗುವುದು ಕ್ಷಣ ಮಾತ್ರ. ಪ್ರಾರ್ಥನೆಗೆ ಸಿಗುವುದು ಇಡೀ ಬೆಟ್ಟ. ಬಸ್ಸಿನಲ್ಲಿ ಹೋಗಿ ಬರುವವರಿಗೂ ಸಾಲಿನಲ್ಲಿ ನಿಲ್ಲುವ ಹೊತ್ತು ಇದ್ದೇ ಇರುತ್ತದೆ, ಆಷಾಢದಲ್ಲಾದರೆ ಗಂಟೆಗಟ್ಟಲೆ. ಆ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು, ಆದದ್ದನ್ನು ಆದ ಹಾಗೆ ತಾಯಿಗೆ ಹೇಳುವುದು. "ಅವಳು ಯಾವಾಗಲೂ ಹಾಗೇ, ಅವಳ ಜನ್ಮವೇ ಅಂಥದ್ದು" ಎಂಬ ಒಟ್ಟು ಮಾತು ಬೇಡ. ಯಾವ ದಿನ, ಯಾವ ಮಾತು, ಯಾರ ಎದುರಿಗೆ, ಆಗ ತನಗೆ ಏನನ್ನಿಸಿತು. ಹೀಗೆ ಬಿಡಿ ಬಿಡಿಯಾಗಿ ಹೇಳತೊಡಗಿದರೆ ಒಂದು ವಿಚಿತ್ರ ನಡೆಯುತ್ತದೆ. ಸಿಟ್ಟಿನ ಕೆಳಗೆ ಬೇರೆ ಏನೋ ಇರುವುದು ಕಾಣುತ್ತದೆ. ಆ ಹೆಣ್ಣುಮಗಳಿಗೆ ಕಂಡದ್ದು ಹೆದರಿಕೆ. ಲೈನಿನಿಂದ ತೆಗೆದು ಹೆಲ್ಪರ್ ಕೆಲಸಕ್ಕೆ ಹಾಕಿಬಿಟ್ಟರೆ ಸಂಬಳ ಕಡಿಮೆಯಾಗುತ್ತದೆ, ಸಂಘದ ಸಾಲದ ಕಂತು ಕಟ್ಟುವುದು ಹೇಗೆ ಅನ್ನುವ ಹೆದರಿಕೆ. ಅದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ, ತನಗೆ ತಾನೇ ಹೇಳಿಕೊಂಡಿರಲಿಲ್ಲ. ಬಸವಣ್ಣನ ಮುಂದೆ ಕೂತು ಹೇಳಿದಾಗ ಅಳು ಬಂತು.

ಕೆಲವರಿಗೆ ಕೆಳಗೆ ಕಾಣುವುದು ಹೊಟ್ಟೆಕಿಚ್ಚು. ತನಗಿಂತ ಹಿಂದೆ ಸೇರಿದವನಿಗೆ ಪ್ರಮೋಷನ್ ಸಿಕ್ಕಿದ್ದು, ಸಾಹೇಬರು ಅವನನ್ನೇ ಕರೆಯುವುದು. ಪತಂಜಲಿ ಮಹರ್ಷಿಗಳು ಯೋಗಸೂತ್ರದ ಮೊದಲ ಪಾದದಲ್ಲಿ, ಸುಖದಲ್ಲಿರುವವರ ಬಗ್ಗೆ ಮೈತ್ರಿ, ದುಃಖದಲ್ಲಿರುವವರ ಬಗ್ಗೆ ಕರುಣೆ, ಒಳ್ಳೆಯದು ಮಾಡುವವರ ಬಗ್ಗೆ ಸಂತೋಷ, ಕೆಟ್ಟದ್ದು ಮಾಡುವವರ ಬಗ್ಗೆ ಉಪೇಕ್ಷೆ ಇಟ್ಟುಕೊಂಡರೆ ಚಿತ್ತ ತಿಳಿಯಾಗುತ್ತದೆ ಎನ್ನುತ್ತಾರೆ. ಸುಖದಲ್ಲಿರುವವರ ಬಗ್ಗೆ ಮೈತ್ರಿ ಎಂಬುದನ್ನೇ ಮೊದಲು ಇಟ್ಟಿರುವುದನ್ನು ನೋಡಿದರೆ, ಅದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತಿತ್ತೇನೋ!

ಹೃದಯದಲ್ಲಿ ಒಂದು, ಕೈಯಲ್ಲಿ ಒಂದು

ಈಗ ಮುಖ್ಯ ವಿಷಯ. ದೂರು ಹೇಳಿಯಾಯಿತು, ಏನೆಂದು ಬೇಡಬೇಕು? "ಅವಳಿಗೆ ತಕ್ಕ ಶಾಸ್ತಿ ಮಾಡು ತಾಯಿ" ಎನ್ನುವುದು ಎಲ್ಲರ ನಾಲಿಗೆಯ ತುದಿಗೆ ಮೊದಲು ಬರುವ ಮಾತು. ಬೆಟ್ಟದ ಮೇಲೆ ಕಾಲಿಟ್ಟರೆ ಕಾಣುವುದೂ ಖಡ್ಗ ಎತ್ತಿ ಹಾವು ಹಿಡಿದು ನಿಂತ ಮಹಿಷಾಸುರ. ಒಳಗಿರುವವಳು ಅವನನ್ನು ಕೊಂದ ತಾಯಿ. ಆದ್ದರಿಂದ ಶತ್ರುವನ್ನು ತರಿದುಹಾಕು ಎಂದು ಕೇಳಲು ಇದೇ ಸರಿಯಾದ ಜಾಗ ಅಂತ ಭಕ್ತರಿಗೆ ಅನ್ನಿಸುವುದು ಸಹಜ.

ಆದರೆ ಮಹಿಷಾಸುರ ಸತ್ತ ಕೂಡಲೇ, ನಾಲ್ಕನೇ ಅಧ್ಯಾಯದಲ್ಲಿ, ಇಂದ್ರಾದಿ ದೇವತೆಗಳು ತಾಯಿಯನ್ನು ಸ್ತುತಿಸುತ್ತಾರೆ. ಕಣ್ಣಾರೆ ಯುದ್ಧ ನೋಡಿದವರ ಮಾತು ಅದು. ಅಲ್ಲಿ ಅವರು ಹೇಳುವ ಎರಡು ವಿಷಯಗಳು ಕೇಳುವವರನ್ನು ತಡೆದು ನಿಲ್ಲಿಸುತ್ತವೆ. ಒಂದು, ಬರೀ ನೋಟದಿಂದಲೇ ಅಸುರರನ್ನು ಬೂದಿ ಮಾಡಬಲ್ಲ ತಾಯಿ ಅವರ ಮೇಲೆ ಆಯುಧ ಬಿಟ್ಟದ್ದು ಯಾಕೆ ಎಂದರೆ, ಆ ಆಯುಧ ತಾಗಿ ಪವಿತ್ರರಾಗಿ ಅವರಿಗೂ ಸದ್ಗತಿ ಸಿಗಲಿ ಎಂದು. ಶತ್ರುವಿನ ಮೇಲೆ ಕತ್ತಿ ಎತ್ತುವಾಗಲೂ ಅವನ ಒಳಿತು ಅವಳ ಮನಸ್ಸಿನಲ್ಲಿತ್ತು. ಇನ್ನೊಂದು, ಚಿತ್ತದಲ್ಲಿ ಕರುಣೆ, ಯುದ್ಧದಲ್ಲಿ ನಿಷ್ಠುರ, ಇವೆರಡೂ ಒಟ್ಟಿಗೆ ಕಾಣುವುದು ಮೂರು ಲೋಕದಲ್ಲಿ ಅವಳೊಬ್ಬಳಲ್ಲೇ ಎಂದು. ನಾಡಿನ ಹಳೆಯ ಗುಡಿಗಳಲ್ಲಿ ಮಹಿಷಮರ್ದಿನಿಯ ವಿಗ್ರಹ ನೋಡಿದವರು ನೆನಪು ಮಾಡಿಕೊಳ್ಳಲಿ. ಕೈಯಲ್ಲಿ ತ್ರಿಶೂಲ ಕೋಣದ ಮೈಗೆ ನಾಟಿರುತ್ತದೆ, ಮುಖದಲ್ಲಿ ಮಾತ್ರ ಎಷ್ಟೋ ಕಡೆ ಶಾಂತಿ ಇರುತ್ತದೆ. ಶಿಲ್ಪಿಗೂ ಆ ಸ್ತುತಿ ಗೊತ್ತಿತ್ತು ಅನ್ನಿಸುತ್ತದೆ.

ಸಾಮಾನ್ಯರು ಮಾಡುವುದು ಇದಕ್ಕೆ ತದ್ವಿರುದ್ಧ. ಮನಸ್ಸಿನಲ್ಲಿ ಕತ್ತಿ ಮಸೆಯುತ್ತಾರೆ, ಎದುರಿಗೆ ಬಂದಾಗ ಬಾಯಿ ಕಟ್ಟಿಹೋಗುತ್ತದೆ. ರಾತ್ರಿಯೆಲ್ಲ ಮನಸ್ಸಿನಲ್ಲಿ ಜಗಳವಾಡಿ ಬೆಳಿಗ್ಗೆ ಹಲ್ಲು ಕಿರಿದು ಗುಡ್ ಮಾರ್ನಿಂಗ್ ಹೇಳುತ್ತಾರೆ. ಒಳಗೆ ನಿಷ್ಠುರ, ಹೊರಗೆ ಮೆತ್ತಗೆ. ಆ ಹೆಣ್ಣುಮಗಳೂ ಅಷ್ಟೇ. ಆರು ತಿಂಗಳು ಮನಸ್ಸಿನಲ್ಲಿ ಶಾಪ ಹಾಕಿದ್ದಳು, ಒಂದು ದಿನ ಒಂದು ಬಂಡಲ್ ಎತ್ತಿ ತೋರಿಸಿ "ಇದು ಸರಿಯಿಲ್ಲ" ಅಂದಿರಲಿಲ್ಲ. ಹಾಗಾದರೆ ತಾಯಿಯ ಹತ್ತಿರ ಬೇಡಬೇಕಾದ್ದು ಈ ಎರಡನ್ನು ಅವುಗಳ ಜಾಗದಲ್ಲಿ ಇಡು ಎಂದು. ಕರುಣೆ ಒಳಕ್ಕೆ ಬರಲಿ, ಗಟ್ಟಿತನ ಕೈಗೆ ಮಾತಿಗೆ ಬರಲಿ.

ಕರುಣೆ ಬೇಡು ಅಂದಾಕ್ಷಣ ಬರುವುದಿಲ್ಲ. ಅದಕ್ಕೆ ಒಂದು ಸಣ್ಣ ಹಿಡಿಕೆ ಬೇಕು. ಆ ಮನುಷ್ಯನ ಬದುಕಿನಲ್ಲಿ ತನಗೆ ಖಂಡಿತವಾಗಿ ಗೊತ್ತಿರುವ ಒಂದು ಕಷ್ಟವನ್ನೋ ಆಸೆಯನ್ನೋ ಹಿಡಿದು, ಅವರ ಹೆಸರು ಹೇಳಿ, ಅದೊಂದನ್ನು ಮಾತ್ರ ನಡೆಸಿಕೊಡು ಎಂದು ಬೇಡುವುದು. "ಅವಳಿಗೆ ಒಳ್ಳೆ ಬುದ್ಧಿ ಕೊಡು" ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ವೇಷ ಹಾಕಿದ ಬೈಗುಳ! ಮುಂದಿನ ಮೆಷಿನ್ನಿನವಳ ಮಗಳಿಗೆ ಈಗ ಏಳು ತಿಂಗಳು, ಮೊದಲ ಹೆರಿಗೆ. ಊಟದ ಹೊತ್ತಿನಲ್ಲಿ ಫೋನು ಹಿಡಿದು ಮೂಲೆಗೆ ಹೋಗುತ್ತಾಳೆ, ಬಿಪಿ ಜಾಸ್ತಿ ಅಂದ್ರಂತೆ ಅಂತ ಯಾರ ಹತ್ತಿರವೋ ಹೇಳುತ್ತಿದ್ದದ್ದು ಇವಳ ಕಿವಿಗೂ ಬಿದ್ದಿತ್ತು. ಅಷ್ಟು ಸಾಕು. "ಅವರ ಮಗಳ ಹೆರಿಗೆ ಸಲೀಸಾಗಿ ಆಗ್ಲಿ ತಾಯಿ." ಮೊದಲ ಸಲ ಹೇಳುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮನಸ್ಸಿಲ್ಲದೆ ಹೇಳಿದರೆ ಅದು ಬೂಟಾಟಿಕೆ ಆಗುವುದಿಲ್ಲವೇ ಎಂದು ಅನುಮಾನವೂ ಬರುತ್ತದೆ. ಸಾವಿರ ಮೆಟ್ಟಿಲಿಗೆ ಕುಂಕುಮ ಹಚ್ಚುವಾಗ ಪ್ರತಿ ಮೆಟ್ಟಿಲಿನಲ್ಲೂ ಭಕ್ತಿ ಉಕ್ಕುತ್ತದೆಯೇ? ಐನೂರನೇ ಮೆಟ್ಟಿಲಿನಲ್ಲಿ ಬೆನ್ನುನೋವು ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಆದರೂ ಕೈ ಹಚ್ಚುತ್ತದೆ, ಹರಕೆ ಹರಕೆಯೇ. ಹಾಗೆಯೇ ಇದೂ. ಉಳಿದ ಮುನ್ನೂರು ಚಿಲ್ಲರೆ ಮೆಟ್ಟಿಲಿನಲ್ಲಿ ಮೆಟ್ಟಿಲಿಗೊಂದು ಸಲ ಆ ಮಾತು ಹೇಳುತ್ತ ಹೋದರೆ, ಎಲ್ಲೋ ಒಂದು ಕಡೆ ಆ ಬಸುರಿ ಹುಡುಗಿಯ ಮುಖ ಕಣ್ಣಿಗೆ ಕಟ್ಟುತ್ತದೆ.

ಇದು ಬರೀ ನಂಬಿಕೆಯ ಮಾತಲ್ಲ ಎನ್ನುವುದಕ್ಕೆ ಮೇಲೆ ಹೇಳಿದ ಬುಶ್‌ಮನ್ ಅವರೇ ಬ್ರೆಮ್ನರ್, ಕೂಲ್ ಎಂಬ ಸಂಶೋಧಕರ ಜೊತೆ ಸೇರಿ 2011ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವಿದೆ. ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಅದನ್ನು ಬೇರೊಬ್ಬರು ಕೆಟ್ಟದಾಗಿ ಹೀಯಾಳಿಸಿದ್ದಾರೆಂದು ನಂಬಿಸಿದರು. ಆಮೇಲೆ ಕ್ಯಾನ್ಸರ್ ಬಂದ ಒಬ್ಬ ಅಪರಿಚಿತ ವಿದ್ಯಾರ್ಥಿನಿಯ ಸುದ್ದಿ ಓದಿಸಿ, ಕೆಲವರಿಗೆ ಅವಳಿಗಾಗಿ ಐದು ನಿಮಿಷ ಪ್ರಾರ್ಥಿಸಲು ಹೇಳಿದರು, ಕೆಲವರಿಗೆ ಸುಮ್ಮನೆ ಅವಳ ಬಗ್ಗೆ ಯೋಚಿಸಲು ಹೇಳಿದರು. ಪ್ರಾರ್ಥಿಸಿದವರಲ್ಲಿ ಸಿಟ್ಟು ಕಡಿಮೆಯಿತ್ತು. ಇನ್ನೊಂದು ಪ್ರಯೋಗದಲ್ಲಿ, ಹೀಯಾಳಿಸಿದವರಿಗಾಗಿಯೇ ಪ್ರಾರ್ಥಿಸಿದವರು, ಅವರ ಬಗ್ಗೆ ಬರೀ ಯೋಚಿಸಿದವರಿಗಿಂತ ಕಡಿಮೆ ಸೇಡು ತೋರಿಸಿದರು. ಅದೇ ಮನುಷ್ಯ, ಅಷ್ಟೇ ಹೊತ್ತು. ಯೋಚನೆ ಒಂದು ಕಡೆಗೆ ಎಳೆಯುತ್ತದೆ, ಪ್ರಾರ್ಥನೆ ಇನ್ನೊಂದು ಕಡೆಗೆ. ದೇವಿಯ ಕೃಪೆ ಅಳೆಯುವ ತಕ್ಕಡಿ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ ನಿಜ. ಬೇಡುವವರ ಮನಸ್ಸು ಹೇಗೆ ತಿರುಗುತ್ತದೆ ಎಂಬುದನ್ನಂತೂ ಅವರು ನೋಡಿದ್ದಾರೆ.

ಸಹಿಸಿಕೊಳ್ಳಬಾರದ್ದು

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಪ್ರಾರ್ಥನೆಯ ಹೆಸರಿನಲ್ಲಿ ಅನ್ಯಾಯವನ್ನು ನುಂಗಿಕೊಳ್ಳಿ ಎಂದು ಹೆಣ್ಣುಮಕ್ಕಳಿಗೆ, ಬಡವರಿಗೆ ಹೇಳುವ ಚಾಳಿ ಹಳೆಯದು. ಕೆಲಸದ ಜಾಗದಲ್ಲಿ ಮೈ ಮುಟ್ಟುವುದು, ಅಸಹ್ಯ ಮಾತಾಡುವುದು, ಜಾತಿ ಹಿಡಿದು ನಿಂದಿಸುವುದು, ಸಂಬಳ ಹಿಡಿಯುವುದು ಇವೆಲ್ಲ 'ಕಿರಿಕಿರಿಯ ಸಹೋದ್ಯೋಗಿ' ಎಂಬ ಮಾತಿನಲ್ಲಿ ಬರುವುದಿಲ್ಲ. 2013ರ ಕಾಯಿದೆಯ ಪ್ರಕಾರ ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆಯವರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇದೆ. ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯಿದೆ ಇದೆ, ಸಂಬಳದ ವಿಷಯಕ್ಕೆ ಕಾರ್ಮಿಕ ಇಲಾಖೆ ಇದೆ. ತಾಯಿಯ ಎಂಟು ಕೈಯಲ್ಲೂ ಏನೋ ಒಂದು ಇದೆ, ಖಾಲಿ ಕೈ ಇಟ್ಟುಕೊಂಡು ಅವಳು ಯುದ್ಧಕ್ಕೆ ಹೋಗಲಿಲ್ಲ. ದೂರು ಕೊಡುವವರ ಕೈ ನಡುಗದಿರಲಿ ಎಂದು ಬೇಡುವುದೂ ಪ್ರಾರ್ಥನೆಯೇ.

ಸುರಥನ ಕಥೆಯ ಕೊನೆಯೂ ಇಲ್ಲಿ ನೆನಪಿಗೆ ಬರುತ್ತದೆ. ರಾಜ ಮತ್ತು ವೈಶ್ಯ ಇಬ್ಬರೂ ನದಿಯ ದಡದಲ್ಲಿ ಮಣ್ಣಿನ ಮೂರ್ತಿ ಮಾಡಿಕೊಂಡು ಮೂರು ವರ್ಷ ಪೂಜಿಸುತ್ತಾರೆ. ತಾಯಿ ಪ್ರತ್ಯಕ್ಷಳಾಗಿ ಏನು ಬೇಕೆಂದು ಕೇಳುತ್ತಾಳೆ. ವೈಶ್ಯ, 'ನಾನು ನನ್ನದು' ಎಂಬುದನ್ನು ಕಳೆಯುವ ಜ್ಞಾನ ಬೇಕೆನ್ನುತ್ತಾನೆ. ರಾಜ, ನನ್ನ ರಾಜ್ಯ ನನಗೆ ವಾಪಸ್ಸು ಬೇಕೆನ್ನುತ್ತಾನೆ. ಇಷ್ಟೆಲ್ಲ ಕೇಳಿದ ಮೇಲೂ ರಾಜ್ಯವೇ ಬೇಕೇ ನಿನಗೆ 

ಎಂದು ತಾಯಿ ಗದರಲಿಲ್ಲ. ಅವನಿಗೂ ಕೊಟ್ಟಳು, ಇವನಿಗೂ ಕೊಟ್ಟಳು. ತನ್ನ ಹಕ್ಕಿನದನ್ನು ಕೇಳುವುದು ತಪ್ಪೆಂದು ಆ ಕಥೆ ಎಲ್ಲೂ ಹೇಳುವುದಿಲ್ಲ.

ಸೋಮವಾರ

ಗಾರ್ಮೆಂಟ್ಸಿನ ಹೆಣ್ಣುಮಗಳಿಗೆ ಪವಾಡವೇನೂ ಆಗುವುದಿಲ್ಲ. ಬೆಟ್ಟ ಇಳಿಯುವಾಗ ಕಾಲು ನಡುಗುತ್ತದೆ, ಅತ್ತೆಗೆ ಕಡಲೆಪುರಿ ಕೊಡಿಸಿ, ರಾತ್ರಿ ಊರು ಸೇರುವ ಹೊತ್ತಿಗೆ ನಿದ್ದೆ ಒತ್ತಿಕೊಂಡು ಬರುತ್ತದೆ. ಸೋಮವಾರ ಬೆಳಿಗ್ಗೆ ಮೊದಲ ಬಂಡಲ್ಲಿನಲ್ಲೇ ನಾಲ್ಕು ಪೀಸಿಗೆ ಭುಜ ಸರಿಯಿಲ್ಲ. ಹಿಂದೆಲ್ಲ ಹಲ್ಲು ಕಚ್ಚಿಕೊಂಡು ತೋಳು ಜೋಡಿಸಿಬಿಡುತ್ತಿದ್ದಳು. ಈ ಸಲ ನಾಲ್ಕನ್ನೂ ಬೇರೆ ಇಟ್ಟು ಎದ್ದು ಹೋಗಿ, "ಅಕ್ಕ, ಈ ನಾಕ್ರಲ್ಲಿ ಭುಜ ತಪ್ಪೈತೆ. ನಾನು ತೋಳು ಹಾಕೋಕೆ ಮುಂಚೆ ಬಿಚ್ಚಿ ಕೊಡಿ" ಎನ್ನುತ್ತಾಳೆ. ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಅಬ್ಬಾ, ನಿಂಗೊಬ್ಳಿಗೇ ಕಣ್ಣಿರಾದು" ಅಂತ ಅವಳು ಸಿಡುಕುತ್ತಾಳೆ. ಸಿಟ್ಟು ಮತ್ತೆ ಬುಸ್ಸೆನ್ನುತ್ತದೆ, ಯಾಕೆ ಬರುವುದಿಲ್ಲ? ಆದರೆ ಮನೆಗೆ ಹೋಗುವ ಬಸ್ಸು ಹತ್ತುವಾಗ ಅದು ಜೊತೆಗೆ ಹತ್ತಲಿಲ್ಲ. ರಾತ್ರಿ ಮಗು ಪಾಠ ಕೇಳಿದಾಗ ಹೇಳಿಕೊಡುತ್ತಾಳೆ.

ಸೂಪರ್‌ವೈಸರ್‌ಗೂ ವಿಷಯ ತಿಳಿಸುತ್ತಾಳೆ, ಅವಳ ಮೇಲೆ ಚಾಡಿ ಹೇಳಿ ಅಲ್ಲ, ಸರಿಯಿಲ್ಲದ ಪೀಸನ್ನು ಹೊಲಿಯದೆ ಹಿಂದಕ್ಕೆ ಕೊಡುತ್ತೇನೆ, ಬೋರ್ಡಿನಲ್ಲಿ ಲೆಕ್ಕ ಕಮ್ಮಿಯಾದರೆ ಅದಕ್ಕೆ ಅಂತ. ಅವನು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಮಂಗಳವಾರ ಎರಡು ಪೀಸು ಹಿಂದಕ್ಕೆ ಹೋಗುತ್ತವೆ. ಬುಧವಾರ ಒಂದೂ ಇಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಕೂತಾಗ ಹೆರಿಗೆಯ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವುದನ್ನು ಅವಳು ಬಿಟ್ಟಿಲ್ಲ, ಬೆಟ್ಟದಲ್ಲಿ ಹೇಳಿದ್ದು ಬೆಟ್ಟದಲ್ಲೇ ಉಳಿಯಬಾರದಲ್ಲ.

ಗುರುವಾರ ಮತ್ತೆ ಮೂರು ಬರುತ್ತವೆ. ಮೂರನ್ನೂ ಎತ್ತಿಕೊಂಡು ಹೋಗಿ ಮುಂದಿನ ಮೆಷಿನ್ನಿನ ಮೇಲೆ ಇಡುತ್ತಾಳೆ. ಇಟ್ಟು, ಹಿಂದಕ್ಕೆ ತಿರುಗುವ ಮುಂಚೆ ಕೇಳುತ್ತಾಳೆ: "ಮಗಳ್ನ ಊರಿಗೆ ಕರ್ಕೊಂಡ್ಬಂದ್ರಾ ಅಕ್ಕ?"